ಹಳೇ ಬಿಳಿ ಚಹಾಕ್ಕೆ ಕುದಿಯುವ ನೀರೇ ಬೇಕು

ಬಿಳಿ ಚಹಾ ಅಂದರೆ ಹಾಲು ಹಾಕಿದ್ದಲ್ಲ, ಬರೀ ಬಾಡಿಸಿ ಒಣಗಿಸಿದ ಚೀನಾದ ಚಹಾ ಎಲೆ. ಅದರ ಹೆಸರು ಎತ್ತಿದ ಕೂಡಲೇ ತಿಳಿದವರು ಹೇಳುವ ಮೊದಲ ಮಾತು: ನೀರು ಜಾಸ್ತಿ ಬಿಸಿ ಇರಬಾರದು, ರುಚಿ ಕೆಡುತ್ತದೆ. ಈ ವರ್ಷ ಕೊಯ್ದ ಎಳೆ ಮೊಗ್ಗಿಗೆ ಆ ಮಾತು ಒಂದಿಷ್ಟು ಸರಿ. ಆರೇಳು ವರ್ಷ ಇಟ್ಟ ಎಲೆಗೆ ಅದು ಪೂರ್ತಿ ಉಲ್ಟಾ. ಅದಕ್ಕೆ ಕೊತಕೊತ ಕುದಿಯುವ ನೀರೇ ಬೇಕು. 80 ಡಿಗ್ರಿಯ ನೀರು ಹಾಕಿದರೆ ಬರುವುದು ಬರೀ ಬಣ್ಣದ ನೀರು. ಆಮೇಲೆ 'ಇಷ್ಟು ರೊಕ್ಕ ಕೊಟ್ಟು ತಂದದ್ದು ಇದನ್ನಾ?' ಅಂತ ಮನೆಯಲ್ಲಿ ಕೇಳಿಸಿಕೊಳ್ಳಬೇಕಾಗುತ್ತದೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ ನಡೆಸುತ್ತೇನೆ. ಯಂತ್ರ ನೋಡಲು, ರೇಟು ಮಾತಾಡಲು ಗ್ವಾಂಗ್‌ಝೌದ ಕ್ಯಾಂಟನ್ ಫೇರ್‌ಗೆ ಹೋಗುತ್ತಿದ್ದಾಗ ಈ ಚಹಾದ ಹುಚ್ಚು ಹಿಡಿಯಿತು. ಅಲ್ಲಿ ಸಪ್ಲಾಯರ್‌ಗಳು ಕೊಟೇಶನ್ ತೆಗೆಯುವ ಮೊದಲು ಚಹಾ ಹಾಕುತ್ತಾರೆ. ಸಣ್ಣ ಸಣ್ಣ ಕಪ್ಪು, ಹಾಲಿಲ್ಲ, ಸಕ್ಕರೆ ಇಲ್ಲ. ಖಾಲಿಯಾದಂತೆಲ್ಲ ಮತ್ತೆ ತುಂಬುತ್ತಾರೆ. ಅದೇ ಊರಿನ ಫಾಂಗ್‌ಚುನ್ ಚಹಾ ಪೇಟೆಯಲ್ಲಿ ಸಂಜೆ ಪೂರ್ತಿ ಅಡ್ಡಾಡಿದರೂ ಒಂದು ಮೂಲೆ ಮುಗಿಯುವುದಿಲ್ಲ. ಈಗ ಇದನ್ನು ಹೇಗೆ ಮಾಡುವುದು ಅಂತ ಕೇಳುವವರು ನಮ್ಮ ಕಡೆಯೂ ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ.

ಮೊದಲು ಎಲೆಯ ವಿಷಯ. ಬಿಳಿ ಚಹಾದ ಮೂಲ ನೆಲೆ ಚೀನಾದ ಫುಜಿಯಾನ್ ಪ್ರಾಂತ್ಯ. ಅದರಲ್ಲಿ ಕಡಲ ಬದಿಯ ಫುಡಿಂಗ್, ಒಳನಾಡಿನ ಝೆಂಗ್‌ಹೆ, ಇವೆರಡು ದೊಡ್ಡ ಹೆಸರು. ಗಿಡದ ಜಾತಿ ನಮ್ಮ ಚಹಾದ್ದೇ. ಬೇರೆ ಇರುವುದು ಮಾಡುವ ರೀತಿ. ಕೊಯ್ದ ಎಲೆಯನ್ನು ಬಿದಿರಿನ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಎರಡು ಮೂರು ದಿನ ಬಾಡಿಸುತ್ತಾರೆ. ಆಮೇಲೆ ಹದವಾದ ಬಿಸಿಯಲ್ಲಿ ಒಣಗಿಸುತ್ತಾರೆ. ಅಷ್ಟೇ ಕೆಲಸ. ಹಸಿರು ಚಹಾಕ್ಕೆ ಮಾಡುವಂತೆ ಬಾಣಲೆಯಲ್ಲಿ ಹುರಿಯುವುದಿಲ್ಲ, ಹಿಸುಕಿ ತಿರುಚುವುದೂ ಇಲ್ಲ. ಹುರಿದು ಎಲೆಯ ಒಳಗಿನ ಕೆಲಸವನ್ನು ನಿಲ್ಲಿಸಿಲ್ಲ ನೋಡಿ, ಅದಕ್ಕೇ ಡಬ್ಬಿಯಲ್ಲಿದ್ದರೂ ಎಲೆ ವರ್ಷಗಟ್ಟಲೆ ನಿಧಾನವಾಗಿ ಮಾಗುತ್ತಾ ಹೋಗುತ್ತದೆ.

ಬರೀ ಮೊಗ್ಗಿನದು ಬೈ ಹಾವೊ ಯಿನ್ ಝೆನ್. ಮೊಗ್ಗಿನ ಜೊತೆ ಒಂದೆರಡು ಎಲೆ ಇದ್ದರೆ ಬೈ ಮು ದಾನ್. ಆಮೇಲೆ ಗೊಂಗ್ ಮೇ. ಕೊನೆಗೆ ಶೋ ಮೇ: ದೊಡ್ಡ ಎಲೆ, ದಂಟು, ನೋಡಲು ಕಸ. ಎಲೆ ಹೊಸದಿರುವಾಗಲೇ ಕುಡಿಯುವವರಿಗೆ ಮೊದಲೆರಡು ಚೆಂದ. ಹಳೆಯದು ಮಾಡಿ ಕುಡಿಯಬೇಕಾದರೆ ನನ್ನ ಓಟು ಶೋ ಮೇಗೆ. ದಂಟು ಜಾಸ್ತಿ ಇರುವ ಕಡೆ ಸಿಹಿ ಜಾಸ್ತಿ ಬರುತ್ತದೆ, ಎಷ್ಟು ಕುದಿಸಿದರೂ ಬೇಗ ಕಹಿಯಾಗುವುದಿಲ್ಲ. ನಾಲ್ಕರಲ್ಲಿ ಅಗ್ಗವೂ ಅದೇ. ಹತ್ತು ವರ್ಷದ ಯಿನ್ ಝೆನ್‌ಗೆ ಸುರಿಯುವ ರೊಕ್ಕದಲ್ಲಿ ಒಳ್ಳೆಯ ಶೋ ಮೇ ಬಿಲ್ಲೆಗಳನ್ನೇ ಕೊಳ್ಳಬಹುದು.

ಬಿಲ್ಲೆ ಅಂದೆ. ಹಳೇ ಬಿಳಿ ಚಹಾ ಬಿಡಿ ಎಲೆಯಾಗಿಯೂ ಸಿಗುತ್ತದೆ, ಹಬೆ ಕೊಟ್ಟು ಒತ್ತಿದ ದುಂಡನೆಯ ಬಿಲ್ಲೆಯಾಗಿಯೂ ಸಿಗುತ್ತದೆ. ಬಿಲ್ಲೆಯ ತೂಕ ಸಾಮಾನ್ಯವಾಗಿ 300, 350 ಇಲ್ಲವೇ 357 ಗ್ರಾಂ. ಬಿಡಿ ಎಲೆಯ ಪರಿಮಳ ಹೆಚ್ಚು, ಆದರೆ ಜಾಗ ತಿನ್ನುತ್ತದೆ, ಪುಡಿಯಾಗುತ್ತದೆ. ಮನೆಯಲ್ಲಿ ಇಡಲು ಬಿಲ್ಲೆಯೇ ಸಲೀಸು.

ರುಚಿ ಹೇಗಿರುತ್ತದೆ? ಹೊಸ ಎಲೆಯಲ್ಲಿ ಹಸಿ ಹುಲ್ಲು, ಸೌತೆಕಾಯಿ, ಸಣ್ಣಗೆ ಹೂವಿನ ವಾಸನೆ. ಚಹಾದ ಬಣ್ಣ ತೆಳು ಹಳದಿ. ಮೂರು ನಾಲ್ಕು ವರ್ಷಕ್ಕೆ ಹಸಿ ವಾಸನೆ ಹೋಗಿ ಒಣ ಮೇವು, ಜೇನುತುಪ್ಪ ಬರುತ್ತವೆ. ಆರೇಳು ವರ್ಷಕ್ಕೆ ಜರ್ದಾಳು, ಬೆಲ್ಲ, ಒಣ ಬಾರಿಹಣ್ಣು. ಚೀನಾದವರು ಖರ್ಜೂರ ಅಂತ ಹೊಗಳುವುದು ಅವರ ಕೆಂಪು ಖರ್ಜೂರವನ್ನು. ಅದು ನಮ್ಮ ಬಾರಿಹಣ್ಣಿನ ಬಳಗದ್ದೇ. ಸಂಕ್ರಾಂತಿ ಹೊತ್ತಿಗೆ ಬುಟ್ಟಿಯಲ್ಲಿ ಬರುವ ಬಾರಿಹಣ್ಣನ್ನು ಒಣಗಿಸಿ ಮೂಸಿದವರಿಗೆ ಈ ವಾಸನೆ ತಕ್ಷಣ ಗೊತ್ತಾಗುತ್ತದೆ. ಹತ್ತು ವರ್ಷ ದಾಟಿದ ಮೇಲೆ ಹಣ್ಣು ಹಿಂದೆ ಸರಿದು ಹಳೇ ಕಟ್ಟಿಗೆ, ಗ್ರಂಥಿಗೆ ಅಂಗಡಿಯ ಬೇರು ನಾರಿನ ವಾಸನೆ ಮುಂದೆ ಬರುತ್ತದೆ. ಬಣ್ಣ ಕೆಂಪು ಕಂದಿಗೆ ತಿರುಗುತ್ತದೆ. ಬಾಯಲ್ಲಿ ನೀರು ಸ್ವಲ್ಪ ದಪ್ಪ ಅನ್ನಿಸುತ್ತದೆ. ನುಂಗಿದ ಮೇಲೆ ಗಂಟಲಲ್ಲಿ ಸಿಹಿ ಉಳಿಯುತ್ತದೆ. ನನಗೆ ತುಂಬಾ ಹಳೆಯದಕ್ಕಿಂತ ಆರರಿಂದ ಎಂಟು ವರ್ಷದ ನಡುವಿನದೇ ಇಷ್ಟ. ಹಣ್ಣೂ ಇರುತ್ತದೆ, ಕಟ್ಟಿಗೆಯೂ ಶುರುವಾಗಿರುತ್ತದೆ.

'ಒಂದು ವರ್ಷಕ್ಕೆ ಚಹಾ, ಮೂರು ವರ್ಷಕ್ಕೆ ಔಷಧ, ಏಳು ವರ್ಷಕ್ಕೆ ನಿಧಿ' ಅಂತ ಅಲ್ಲಿ ಒಂದು ಮಾತಿದೆ. ಅಂಗಡಿಗಳಲ್ಲಿ ಇದನ್ನೇ ಹೇಳಿ ಮಾರುತ್ತಾರೆ. ಇದರಿಂದ ಶುಗರ್ ಇಳಿಯುತ್ತದೆ, ಬಿ.ಪಿ. ಹೋಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ರುಚಿಗೆ ಕುಡಿಯಿರಿ, ಸಾಕು. ಬಿಳಿ ಚಹಾದಲ್ಲಿ ಕೆಫೀನ್ ಇಲ್ಲ ಅನ್ನುವುದೂ ಸುಳ್ಳು. ಇದೆ, ಕುದಿಸಿದರೆ ಚೆನ್ನಾಗಿಯೇ ಇಳಿಯುತ್ತದೆ. ನಿದ್ದೆ ಕಡಿಮೆ ಇರುವವರು ಸಂಜೆ ಆದ ಮೇಲೆ ಮುಟ್ಟಬೇಡಿ. ಕಬ್ಬಿಣದ ಮಾತ್ರೆ ತಗೊಳ್ಳುವವರು ಅದರ ಜೊತೆಗೆ ಯಾವ ಚಹಾವನ್ನೂ ಕುಡಿಯಬಾರದು, ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಕೊಳ್ಳುವಾಗ ಮೋಸ ಜಾಸ್ತಿ. ಹಳೆಯದಕ್ಕೆ ಬೆಲೆ ಬಂದ ಮೇಲೆ ಹೊಸ ಎಲೆಗೆ ನೀರು ಹೊಡೆದು, ರಾಶಿ ಹಾಕಿ, ಬೆಚ್ಚಗಿಟ್ಟು ಬಣ್ಣ ಬರಿಸುವ ಕಸುಬೂ ಹುಟ್ಟಿಕೊಂಡಿದೆ. ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ನಿಜವಾಗಿ ಮಾಗಿದ ಬಿಲ್ಲೆಯಲ್ಲಿ ಬಣ್ಣ ಒಂದೇ ಇರುವುದಿಲ್ಲ. ಬೂದು ಹಸಿರು, ಕಂದು, ಅಲ್ಲಲ್ಲಿ ಬೆಳ್ಳಗಿನ ಮೊಗ್ಗು, ಎಲ್ಲಾ ಬೆರೆತಿರುತ್ತವೆ. ಬಿಲ್ಲೆ ಪೂರ್ತಿ ಒಂದೇ ಸಮ ಕರ್ರಗಿದ್ದರೆ ಕೆಳಗಿಡಿ. ಚಹಾ ಹಾಕಿ ನೋಡಿ: ಬಣ್ಣ ಎಷ್ಟೇ ಗಾಢ ಇದ್ದರೂ ಕಪ್ಪಿನ ತಳ ಸ್ವಚ್ಛ ಕಾಣಬೇಕು. ರಾಡಿ ಇದ್ದರೆ, ಹುಳಿ ಇಲ್ಲವೇ ಮುಗ್ಗಲು ವಾಸನೆ ಬಂದರೆ ಬೇಡ. ಕೊನೆಗೆ ನೆನೆದ ಎಲೆಯನ್ನು ಬೆರಳಲ್ಲಿ ತಿಕ್ಕಿ ನೋಡಿ. ಒಳ್ಳೆಯದು ಮೆತ್ತಗಿದ್ದು ಬಿಚ್ಚಿಕೊಳ್ಳುತ್ತದೆ. ಕೃತಕವಾಗಿ ಮಾಗಿಸಿದ್ದು ಗಡುಸಾಗಿ, ಸುಟ್ಟಂತೆ ಮುದುಡಿಯೇ ಇರುತ್ತದೆ.

ವರ್ಷವನ್ನೂ ಲೆಕ್ಕ ಹಾಕಿ. ಬಿಳಿ ಚಹಾವನ್ನು ಬಿಲ್ಲೆ ಒತ್ತುವ ರೂಢಿ ಹಬ್ಬಿದ್ದು ಈಚೆಗೆ. ಒತ್ತಿದ ಬಿಳಿ ಚಹಾಕ್ಕೆ ಚೀನಾ ತನ್ನ ರಾಷ್ಟ್ರೀಯ ಮಾನದಂಡ ಮಾಡಿದ್ದೇ 2015ರಲ್ಲಿ. ಹಾಗಾಗಿ 1990ರ ಬಿಲ್ಲೆ ಅಂತ ಯಾರಾದರೂ ಕಡಿಮೆ ಬೆಲೆಗೆ ತೋರಿಸಿದರೆ ನಕ್ಕು ಮುಂದೆ ಹೋಗಿ. ಇನ್ನೊಂದು ಸೂಕ್ಷ್ಮ ಇದೆ. ಎಲೆ ಕೊಯ್ದ ವರ್ಷ ಬೇರೆ, ಬಿಲ್ಲೆ ಒತ್ತಿದ ವರ್ಷ ಬೇರೆ ಇರಬಹುದು. ಎರಡನ್ನೂ ಕೇಳಿ. ಮೊದಲ ಸಲ ಬಿಲ್ಲೆ ಕೊಳ್ಳಲೇಬೇಡಿ. 25 ಗ್ರಾಂ ಸ್ಯಾಂಪಲ್ ಎರಡು ಮೂರು ಬೇರೆ ಬೇರೆ ವರ್ಷದ್ದು ತಂದು, ಒಟ್ಟಿಗೆ ಇಟ್ಟುಕೊಂಡು ಕುಡಿದು ನೋಡಿ. ನಾಲಿಗೆಗೇ ಲೆಕ್ಕ ಗೊತ್ತಾಗುತ್ತದೆ.

ಇನ್ನು ನೀರು. ಬೆಳಗಾವಿಯಲ್ಲಿ ನಲ್ಲಿಗೆ ರಕ್ಕಸಕೊಪ್ಪ, ಹಿಡಕಲ್ ಜಲಾಶಯದ ನೀರು ಬರುತ್ತದೆ. ಅದು ಈ ಚಹಾಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಕ್ಲೋರಿನ್ ವಾಸನೆ ಇದ್ದ ದಿನ ರಾತ್ರಿಯೇ ಹಿಡಿದು ಬಾಯಿ ತೆರೆದ ಪಾತ್ರೆಯಲ್ಲಿ ಬಿಡುತ್ತೇನೆ. ಬೋರಿನ ನೀರು ಮಾತ್ರ ಬೇಡ. ವಿಜಯಪುರ, ಬಾಗಲಕೋಟೆ ಕಡೆಯ ಸವಳು ನೀರಂತೂ ಬೇಡವೇ ಬೇಡ. ಸುಣ್ಣದ ಅಂಶ ಜಾಸ್ತಿ ಇದ್ದರೆ ಚಹಾ ಕಪ್ಪಗಾಗುತ್ತದೆ, ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ, ಹಣ್ಣಿನ ಪರಿಮಳ ಸತ್ತೇ ಹೋಗುತ್ತದೆ. ನಮ್ಮ ಅಕ್ಕ ಇಂಡಿಯಲ್ಲಿದ್ದಾಳೆ. ಅವಳು ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸುತ್ತಾಳೆ. ಅದರಲ್ಲಿ ಖನಿಜ ಪೂರ್ತಿ ತೆಗೆದಿದ್ದರೆ ರುಚಿ ಸಪ್ಪೆ. ಆಗ ಮೂರು ಪಾಲು ಕ್ಯಾನ್ ನೀರಿಗೆ ಒಂದು ಪಾಲು ಹೊಳೆಯ ನಲ್ಲಿ ನೀರು ಬೆರೆಸಿದರೆ ಸರಿಹೋಗುತ್ತದೆ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97.5 ಡಿಗ್ರಿಗೇ. 100 ಬರಲಿ ಅಂತ ಥರ್ಮಾಮೀಟರ್ ಹಿಡಿದು ನಿಂತರೆ ನೀರು ಆರುತ್ತದೆಯೇ ಹೊರತು ನೂರು ಬರುವುದಿಲ್ಲ! ಮೊದಲೇ ಎರಡೂವರೆ ಡಿಗ್ರಿ ಕಡಿಮೆ. ಅದಕ್ಕೇ ನಾನು ಕೆಟಲ್ ಆಫ್ ಆದ ಕೂಡಲೇ ಸುರಿಯುತ್ತೇನೆ, ಪಾತ್ರೆಯನ್ನೂ ಬಿಸಿನೀರಲ್ಲಿ ತೊಳೆದು ಬೆಚ್ಚಗೆ ಮಾಡಿಕೊಂಡಿರುತ್ತೇನೆ. ಫೌಂಡ್ರಿಯಲ್ಲಿ ಲೋಹವನ್ನು ಅಚ್ಚಿಗೆ ಸುರಿಯುವಾಗ ನಡುವೆ ಕೈ ತಡೆದರೆ ಕೋಲ್ಡ್ ಶಟ್ ಬೀಳುತ್ತದೆ, ಎರಡು ಕಡೆಯ ಲೋಹ ಒಂದಾಗುವುದಿಲ್ಲ. ಇಲ್ಲಿಯೂ ಅದೇ ಕಟ್ಟಳೆ. ಬಿಸಿ ಇರುವಾಗಲೇ, ಒಂದೇ ಧಾರೆಯಲ್ಲಿ ಸುರಿಯಬೇಕು.

ಬಿಲ್ಲೆ ಬಿಡಿಸಲು ಅಂಗಡಿಯಲ್ಲಿ ಚೆಂದದ ಸೂಜಿ ಮಾರುತ್ತಾರೆ. ಗೋಣಿಚೀಲ ಹೊಲಿಯುವ ದಬ್ಬಣ ಸಾಕು. ಹೊಸದನ್ನೇ ತಂದು, ಎಣ್ಣೆ ಜಿಡ್ಡು ಹೋಗುವಂತೆ ತೊಳೆದು ಒರೆಸಿ. ಬಿಲ್ಲೆಯನ್ನು ಟವೆಲ್ ಮೇಲೆ ಮಲಗಿಸಿ, ಅಂಚಿನಿಂದ ಅಡ್ಡಲಾಗಿ ಚುಚ್ಚಿ, ಮೆಲ್ಲಗೆ ಮೇಲೆತ್ತಿ. ಪದರ ಪದರವಾಗಿ ಏಳುತ್ತದೆ. ಮೇಲಿನಿಂದ ನೇರ ಚುಚ್ಚಿದರೆ ಎಲೆ ಪುಡಿಯಾಗುತ್ತದೆ, ಪುಡಿಯಾದರೆ ಚಹಾ ಒಗರು. ದಬ್ಬಣದ ಮೊನೆಯ ಎದುರಿಗೆ ಇನ್ನೊಂದು ಕೈ ಇಡಬೇಡಿ. ಒಂದು ವಾರಕ್ಕೆ ಆಗುವಷ್ಟು ಬಿಡಿಸಿ ಡಬ್ಬಿಗೆ ಹಾಕಿಟ್ಟರೆ ರುಚಿಯೂ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ತೂಕಕ್ಕೆ ಬಂಗಾರದ ಅಂಗಡಿಯವರು ಇಡುವಂಥ ಸಣ್ಣ ಡಿಜಿಟಲ್ ತಕ್ಕಡಿ ಇರಲಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಬಿಡಿ ಎಲೆ ಐದು ಗ್ರಾಂ ಅಂದರೆ ಮುಷ್ಟಿ ತುಂಬುತ್ತದೆ, ಬಿಲ್ಲೆಯದು ಐದು ಗ್ರಾಂ ಅಂದರೆ ಒಂದು ಚೂರು.

ಈಗ ಹಾಕುವುದು. ಮುಚ್ಚಳವಿರುವ ಪಿಂಗಾಣಿ ಬಟ್ಟಲು, ಚೀನಾದವರ ಗೈವಾನ್, ಇದ್ದರೆ ಒಳ್ಳೆಯದು. 110 ಮಿಲಿ ಹಿಡಿಯುವುದಕ್ಕೆ ಐದು ಗ್ರಾಂ ಎಲೆ. ಮೊದಲು ಕುದಿಯುವ ನೀರು ಹಾಕಿ, ಐದಾರು ಸೆಕೆಂಡಿಗೆ ಚೆಲ್ಲಿಬಿಡಿ. ಇದು ಬಿಲ್ಲೆಯನ್ನು ಎಬ್ಬಿಸಲು. ಮುಚ್ಚಳ ಹಾಕಿ ಅರ್ಧ ನಿಮಿಷ ಹಾಗೇ ಬಿಡಿ, ಆಮೇಲೆ ಮುಚ್ಚಳದ ಒಳಬದಿ ಮೂಸಿ. ಎಲೆಯ ಒಳ್ಳೆಯದು ಕೆಟ್ಟದ್ದು ಎರಡೂ ಅಲ್ಲೇ ಗೊತ್ತಾಗುತ್ತದೆ. ಮೊದಲ ಸುತ್ತು 15 ಸೆಕೆಂಡು. ಎರಡನೆಯದಕ್ಕೆ 10 ಸಾಕು, ಯಾಕೆಂದರೆ ಅಷ್ಟರಲ್ಲಿ ಎಲೆ ಬಿಚ್ಚಿರುತ್ತದೆ. ಮೂರನೆಯದು ಮತ್ತೆ 15, ಮುಂದೆ ಪ್ರತಿ ಸುತ್ತಿಗೂ ಐದೈದು, ಹತ್ತತ್ತು ಸೆಕೆಂಡು ಏರಿಸುತ್ತಾ ಹೋಗಿ. ಪ್ರತಿ ಸಲವೂ ಪೂರ್ತಿ ಬಸಿಯಬೇಕು. ತಳದಲ್ಲಿ ನೀರು ನಿಂತರೆ ಮುಂದಿನ ಕಪ್ಪು ಒಗರಾಗುತ್ತದೆ.

ಮೊದಲೆರಡು ಕಪ್ಪು ಕುಡಿದು 'ಏನೂ ಇಲ್ಲವಲ್ಲ' ಅನ್ನುವವರು ಬಹಳ. ತಡೆಯಿರಿ. ಬಿಲ್ಲೆ ಮೂರನೇ ಸುತ್ತಿನಿಂದ ಮಾತಾಡಲು ಶುರು ಮಾಡುತ್ತದೆ, ಏಳೆಂಟು ಸುತ್ತು ಆರಾಮಾಗಿ ನಡೆಯುತ್ತದೆ. ಹಳೇ ಯಿನ್ ಝೆನ್ ಆದರೆ ಮಾತ್ರ ನೀರನ್ನು ನೇರ ಮೊಗ್ಗಿನ ಮೇಲೆ ಬೀಳಿಸದೆ ಬಟ್ಟಲಿನ ಗೋಡೆಗುಂಟ ಇಳಿಸಿ. ಗೈವಾನ್ ಬೆರಳು ಸುಡುತ್ತದೆ. ಅಂಚು ಅಗಲವಾಗಿ ಹೊರಗೆ ಬಾಗಿದ್ದನ್ನೇ ಕೊಳ್ಳಿ, ಕಂಠದವರೆಗೆ ನೀರು ತುಂಬಬೇಡಿ. ಇದೆಲ್ಲಾ ರಗಳೆ ಅನ್ನಿಸಿದರೆ ಸ್ಟೀಲ್ ಲೋಟ, ಚಹಾ ಸೋಸುವ ಜರಡಿ ಸಾಕು. ಎರಡು ಗ್ರಾಂ ಎಲೆ, 150 ಮಿಲಿ ಕುದಿಯುವ ನೀರು, ಮೇಲೆ ತಟ್ಟೆ ಮುಚ್ಚಿ ಮೂರು ನಿಮಿಷ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಲೆಯ ಮೇಲಿನ ಕೆಲಸ. ಹೊಸ ಬಿಳಿ ಚಹಾವನ್ನು ಕುದಿಸಿದರೆ ರುಚಿ ಕೆಡುತ್ತದೆ, ಹಳೇ ಶೋ ಮೇ ಕುದಿಸಿದಷ್ಟೂ ಸಿಹಿಯಾಗುತ್ತದೆ. ಎರಡು ದಾರಿ ಇವೆ. ಗೈವಾನಿನಲ್ಲಿ ಏಳೆಂಟು ಸುತ್ತು ಕುಡಿದು ಮುಗಿದ ಎಲೆಯನ್ನು ಚೆಲ್ಲದೆ 400 ಮಿಲಿ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸುವುದು ಒಂದು. ಬಾರಿಹಣ್ಣಿನ ವಾಸನೆ ದಟ್ಟವಾಗಿ ಏಳುವುದು ಆಗಲೇ. ಗೈವಾನಿಗೆ ಹಾಕದ ಹಳೇ ಎಲೆಯನ್ನೇ ನೇರ ಒಲೆಗೆ ಇಡುವುದು ಇನ್ನೊಂದು. ಒಂದು ಲೀಟರ್ ನೀರಿಗೆ ಐದು ಗ್ರಾಂ. ಎಲೆಯನ್ನು ಮೊದಲು ಬಿಸಿನೀರಲ್ಲಿ ಒಮ್ಮೆ ತೊಳೆಯಿರಿ. ನೀರು ಕುದಿ ಬಂದ ಮೇಲೆ ಹಾಕಿ, ಉರಿ ಸಣ್ಣ ಮಾಡಿ, ಐದು ನಿಮಿಷ. ಒಲೆ ಆರಿಸಿ ಇನ್ನೊಂದು ಮೂರು ನಿಮಿಷ ಮುಚ್ಚಿಡಿ. ಎಲ್ಲಾ ಸೋಸಬೇಡಿ. ಮೂರನೇ ಒಂದು ಪಾಲು ಎಲೆಯ ಜೊತೆಗೇ ಪಾತ್ರೆಯಲ್ಲಿ ಬಿಟ್ಟು, ಅದರ ಮೇಲೆ ಬಿಸಿನೀರು ಹಾಕಿ ಮತ್ತೆ ಕುದಿಸಿ. ತಣ್ಣೀರು ಹಾಕಿದರೆ ಎರಡನೇ ಸಲದ್ದು ಮಂಕಾಗುತ್ತದೆ. ಗಾಜಿನ ಪಾತ್ರೆ, ಸ್ಟೀಲ್ ಪಾತೇಲಿ ಯಾವುದಾದರೂ ನಡೆಯುತ್ತದೆ, ಆದರೆ ದಿನಾ ಹಾಲು ಶುಂಠಿ ಕುದಿಯುವ ಪಾತೇಲಿ ಬೇಡ. ಖಾನಾಪುರದ ಮಣ್ಣಿನ ಪಾತ್ರೆ ತಂದರೆ ಅದನ್ನು ಇದೊಂದಕ್ಕೇ ಮೀಸಲಿಡಿ. ಮಣ್ಣು ವಾಸನೆ ಹಿಡಿದುಕೊಳ್ಳುತ್ತದೆ.

ಫೌಂಡ್ರಿಗೆ ಫ್ಲಾಸ್ಕ್ ಒಯ್ಯುತ್ತೇನೆ. ಅರ್ಧ ಲೀಟರ್ ಫ್ಲಾಸ್ಕಿಗೆ ಎರಡೂವರೆ ಗ್ರಾಂ ಎಲೆ. ಮೊದಲು ಫ್ಲಾಸ್ಕನ್ನು ಬಿಸಿನೀರಲ್ಲಿ ಕಾಯಿಸಿ, ಎಲೆ ಹಾಕಿ, ಕುದಿಯುವ ನೀರು ತುಂಬಿ ಮುಚ್ಚಿದರೆ ಒಂದೂವರೆ ಗಂಟೆಗೆ ಕುಡಿಯುವ ಹದ. ಭಟ್ಟಿಯ ಹತ್ತಿರ ನಿಂತು ಕುಡಿಯಲು ಇದೇ ಸರಿ. ನಮ್ಮ ಮೋಲ್ಡರ್ ಒಬ್ಬರು ಒಂದು ಲೋಟ ಕುಡಿದು, 'ಸಾಹೇಬ್ರ, ಇದಕ್ಕ ಒಂದ್ ಚಮಚ ಸಕ್ಕರಿ ಹಾಕ್ರಿ, ಭಾರಿ ಆಗ್ತದ' ಅಂದರು. ಹಾಕಿ ಕೊಟ್ಟೆ. ಅವರಿಗೆ ಸೇರಿತು. ಅಕ್ಕನದು ಇನ್ನೊಂದು ವರಸೆ. ಇಂಡಿ ಅಂದರೆ ನಿಂಬೆಹಣ್ಣಿನ ಸೀಮೆ. 'ತಮ್ಮಾ, ಒಂದೀಟು ನಿಂಬಿಹಣ್ಣು ಹಿಂಡಿದ್ರ ಏನಾಗ್ತದೋ?' ಅಂತ ಹಿಂಡಿಯೇ ಬಿಟ್ಟಳು. ಕೆಂಪು ಬಣ್ಣ ಕೂಡಲೇ ತಿಳಿಯಾಯಿತು, ಹಳೇ ವಾಸನೆಯೂ ಹಾರಿಹೋಯಿತು. ಅಕ್ಕನಿಗೆ ಎದುರಾಡುವ ಹಾಗಿಲ್ಲ. ನಿಮಗೆ ಹೇಳುವುದಾದರೆ, ಮೊದಲು ಹಾಗೇ ಕುಡಿಯಿರಿ, ಆಮೇಲೆ ನಿಮ್ಮಿಷ್ಟ. ಹಾಲು ಮಾತ್ರ ದಯವಿಟ್ಟು ಬೇಡ. ತಿನ್ನಲು ಜೊತೆಗೆ ಏನಾದರೂ ಬೇಕೆಂದರೆ ಕರದಂಟು ಚೂರು ಚೆನ್ನಾಗಿ ಹೊಂದುತ್ತದೆ. ಕುಂದಾ ಹೊಂದುವುದಿಲ್ಲ, ಅದರ ಹಾಲು ಸಿಹಿಯ ಮುಂದೆ ಚಹಾ ಎದ್ದು ನಿಲ್ಲಲಾರದು.

ಬಿಲ್ಲೆ ತಂದ ಮೇಲೆ ನಿಜವಾದ ಪರೀಕ್ಷೆ ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಗೋಡೆಯೇ ಬೆವರುತ್ತದೆ. ಎಲೆ ತೇವ ಎಳೆದುಕೊಂಡರೆ ಮಾಗುವ ಬದಲು ಕೊಳೆಯುತ್ತದೆ. ಚೀನಾದಲ್ಲಿ ಮೂರು ಪದರದ ಪದ್ಧತಿ ಇದೆ: ಒಳಗೆ ಅಲ್ಯೂಮಿನಿಯಂ ಫಾಯಿಲ್ ಚೀಲ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ರಟ್ಟಿನ ಪೆಟ್ಟಿಗೆ. ನಾನೂ ಅದನ್ನೇ ಮಾಡುತ್ತೇನೆ. ಮೇ ತಿಂಗಳು ಮುಗಿಯುವುದರೊಳಗೆ ಸೀಲ್ ಮಾಡಿದರೆ ದಸರಾ ಹೊತ್ತಿಗೇ ತೆರೆಯುವುದು. ಮಳೆಗಾಲದಲ್ಲಿ ಕುಡಿಯುವಷ್ಟನ್ನು ಮೊದಲೇ ಬಿಡಿಸಿ ಸಣ್ಣ ಡಬ್ಬಿಯಲ್ಲಿ ಬೇರೆ ಇಟ್ಟಿರುತ್ತೇನೆ. ಅಕ್ಕನಿಗೆ ಈ ತಾಪತ್ರಯ ಕಡಿಮೆ. ಅಲ್ಲಿ ಗಾಳಿ ಒಣ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಅದಕ್ಕೆ ಸ್ಲ್ಯಾಬಿನ ಕೆಳಗಿನ ಅಟ್ಟದಲ್ಲಿ ಇಡಬೇಡ ಅಂತ ಹೇಳಿದ್ದೇನೆ. ಅವಳ ಮನೆಯ ಒಳಕೋಣೆಯ ದಪ್ಪ ಗೋಡೆಯ ಗೂಡು ಈ ಕೆಲಸಕ್ಕೆ ಬಹಳ ಚೆನ್ನಾಗಿದೆ.

ಫ್ರಿಜ್ಜಿನಲ್ಲಿ ಇಡಬೇಡಿ. ಅಡುಗೆಮನೆಯಲ್ಲೂ ಬೇಡ. ಖಾರದ ಪುಡಿ, ಬಳ್ಳೊಳ್ಳಿ, ಮಸಾಲೆ ಎಲ್ಲವನ್ನೂ ಎಲೆ ಎಳೆದುಕೊಳ್ಳುತ್ತದೆ. ದೇವರ ಕೋಣೆಯ ಕಪಾಟೂ ಬೇಡ, ಊದಿನಕಡ್ಡಿ ಕರ್ಪೂರ ಇರುತ್ತವೆ. ಬಟ್ಟೆಯ ತಿಜೋರಿಯಲ್ಲಿ ಡಾಂಬರ ಗುಳಿಗೆ ಇದ್ದರೆ ಆ ಬಿಲ್ಲೆ ಮುಗಿದೇ ಹೋಯಿತು ಅನ್ನಿ. ಬಿಸಿಲು ಬೀಳದ, ವಾಸನೆ ಇಲ್ಲದ ಜಾಗದಲ್ಲಿ, ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲೆ ಇಡಿ.

ದಸರೆಗೆ ತೆರೆದಾಗ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳ್ಳಗೆ ಏನೋ ಕಂಡ ಕೂಡಲೇ ಹೌಹಾರಬೇಡಿ, ಮೊಗ್ಗಿನ ಮೇಲೆ ಸಣ್ಣ ಬಿಳಿ ರೋಮ ಇದ್ದೇ ಇರುತ್ತದೆ. ಅದು ಮೊಗ್ಗಿಗೆ ಅಂಟಿಕೊಂಡು ಒಂದೇ ದಿಕ್ಕಿಗೆ ಮಲಗಿರುತ್ತದೆ. ಬೂಷ್ಟು ಎಲೆ, ದಂಟು, ಸಂದಿ ಅಂತ ನೋಡದೆ ಎಲ್ಲದರ ಮೇಲೂ ಜೇಡರ ಬಲೆಯಂತೆ ಹಬ್ಬಿರುತ್ತದೆ, ಮೂಸಿದರೆ ಮುಗ್ಗಲು ಹೊಡೆಯುತ್ತದೆ. ಬೂಷ್ಟೇ ಆಗಿದ್ದರೆ ಆ ಭಾಗವನ್ನಷ್ಟೇ ಕೆತ್ತಿ ಉಳಿದದ್ದನ್ನು ಕುಡಿಯುವ ಆಸೆ ಬೇಡ. ಎಷ್ಟೇ ಬೆಲೆಯದಾದರೂ ಪೂರ್ತಿ ಬಿಲ್ಲೆ ಎಸೆಯಿರಿ.